ಖಾಲಿ ಮನೆ ಬಿಟ್ಟ ವಿಜ್ಞಾನಿ ಮೆಂಡಲೀಫ್

ಚೌಕಾಬಾರದ ಹಾಗೆ ಮನೆ ಮನೆ ಇರುವ ಒಂದು ಪಟ್ಟಿಯನ್ನು ವಿಜ್ಞಾನದ ಪುಸ್ತಕಗಳಲ್ಲಿ ನೋಡಿರುತ್ತೀರಿ. ಅದೇ ಆವರ್ತ ಕೋಷ್ಟಕ. ಚಿನ್ನ, ಕಬ್ಬಿಣ, ಆಮ್ಲಜನಕ ಹೀಗೆ ಪ್ರತಿ ಧಾತುವಿಗೂ ಅಲ್ಲಿ ಒಂದು ಮನೆ ಇದೆ. ಅದನ್ನು ರಚಿಸಿ ಹೆಸರಾದವರು ಡಿಮಿಟ್ರಿ ಮೆಂಡಲೀಫ್.

ಇವರು 1834ರ ಫೆಬ್ರವರಿ 8ರಂದು ರಷ್ಯಾ ದೇಶದ ಸೈಬೀರಿಯಾದ ತೊಬೋಲ್ಸ್ಕ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಇವಾನ್ ಶಾಲೆಯ ಮುಖ್ಯಸ್ಥರು. ತಾಯಿ ಮಾರಿಯಾ. ಮನೆ ತುಂಬಾ ಮಕ್ಕಳು, ಇವರೇ ಕೊನೆಯವರು. ಇವರು ಹುಟ್ಟಿದ ವರ್ಷವೇ ತಂದೆಗೆ ಕಣ್ಣು ಹೋಯಿತು, ಕೆಲಸವೂ ಹೋಯಿತು. ತಾಯಿ ತವರಿನವರ ಗಾಜಿನ ಕಾರ್ಖಾನೆ ನಡೆಸಿ ಮಕ್ಕಳನ್ನು ಸಾಕಿದರು. 1847ರಲ್ಲಿ ತಂದೆ ತೀರಿಕೊಂಡರು. ಮರುವರ್ಷ ಕಾರ್ಖಾನೆಯೂ ಸುಟ್ಟುಹೋಯಿತು.

ಆದರೂ ಆ ತಾಯಿ ಮಗನ ಓದು ಬಿಡಿಸಲಿಲ್ಲ. ಆ ಕಡೆ ಆಗ ರೈಲು ಕೂಡ ಇರಲಿಲ್ಲ. 1849ರಲ್ಲಿ ಅಷ್ಟು ದೂರದ ಮಾಸ್ಕೋಗೆ ಮಗನನ್ನು ಕರ್ಕೊಂಡು ಹೋದರು. ಅಲ್ಲಿ ವಿಶ್ವವಿದ್ಯಾಲಯದಲ್ಲಿ ಸೇರಿಸಿಕೊಳ್ಳಲಿಲ್ಲ. ಅಲ್ಲಿಂದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋದರು. 1850ರಲ್ಲಿ ಅಲ್ಲಿ ಮೇಷ್ಟ್ರುಗಳನ್ನು ತಯಾರು ಮಾಡುವ ಸಂಸ್ಥೆಯಲ್ಲಿ ಜಾಗ ಸಿಕ್ಕಿತು. ಅದೇ ವರ್ಷ ತಾಯಿ ತೀರಿಕೊಂಡರು. ಮಗನಿಗೆ ಆಗ 16 ವರ್ಷ.

ಮೆಂಡಲೀಫ್ ಚೆನ್ನಾಗಿ ಓದಿ ಪ್ರಾಧ್ಯಾಪಕರಾದರು. ವಿದ್ಯಾರ್ಥಿಗಳಿಗಾಗಿ ರಸಾಯನಶಾಸ್ತ್ರದ ಪುಸ್ತಕ ಬರೆಯಲು ಕುಳಿತರು. ಆಗ ಗೊತ್ತಿದ್ದ ಧಾತುಗಳು 63. ಯಾವುದನ್ನು ಮೊದಲು ಹೇಳೋದು, ಯಾವುದನ್ನು ಆಮೇಲೆ ಹೇಳೋದು? 1869ರಲ್ಲಿ ಅವುಗಳನ್ನು ಪರಮಾಣು ತೂಕದ ಪ್ರಕಾರ ಜೋಡಿಸಿದರು. ಒಂದೇ ಥರದ ಗುಣಗಳು ಮತ್ತೆ ಮತ್ತೆ ಬರುವುದನ್ನು ಕಂಡರು.

ಈಗಿನ ಕೋಷ್ಟಕದಲ್ಲಿ ಲೋಹಗಳು ಎಡಗಡೆ ಮತ್ತು ನಡುವೆ ಇವೆ. ಸೋಡಿಯಂ, ಪೊಟ್ಯಾಸಿಯಂ ಒಂದರ ಕೆಳಗೆ ಒಂದು. ಎರಡೂ ಚಾಕುವಿನಿಂದ ಕತ್ತರಿಸುವಷ್ಟು ಮೆತ್ತಗೆ. ನೀರು ತಾಗಿದರೆ ಅಪಾಯ, ಅದಕ್ಕೇ ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಡುತ್ತಾರೆ. ತಾಮ್ರ, ಬೆಳ್ಳಿ, ಚಿನ್ನ ಇನ್ನೊಂದು ಸಾಲು. ಮೂರನ್ನೂ ತಂತಿಯಾಗಿ ಎಳೆಯಬಹುದು, ಮೂರರಲ್ಲೂ ಕರೆಂಟು ಚೆನ್ನಾಗಿ ಹರಿಯುತ್ತದೆ.

ಬೇರೆಯವರೂ ಇಂಥ ಪಟ್ಟಿ ಮಾಡಲು ನೋಡಿದ್ದರು. ಮೆಂಡಲೀಫರ ಧೈರ್ಯ ಏನೆಂದರೆ, ಗುಣ ಹೊಂದದ ಕಡೆ ಯಾವುದನ್ನೋ ತುರುಕಲಿಲ್ಲ. ಮನೆ ಖಾಲಿ ಬಿಟ್ಟರು. ಅಲ್ಲಿಗೆ ಬರುವ ಧಾತು ಇನ್ನೂ ಸಿಗಬೇಕು ಎಂದರು. ಅಲ್ಯೂಮಿನಿಯಂ ಕೆಳಗಿನ ಖಾಲಿ ಮನೆಗೆ ಏಕ ಅಲ್ಯೂಮಿನಿಯಂ ಎಂದು ಹೆಸರಿಟ್ಟರು. ಈ ಏಕ ಅನ್ನೋದು ನಮಗೆ ಗೊತ್ತಿರುವ ಸಂಸ್ಕೃತ ಪದವೇ! ಅದರ ಸಾಂದ್ರತೆ 5.9 ಇರುತ್ತದೆಂದೂ ಹೇಳಿದರು.

1875ರಲ್ಲಿ ಫ್ರಾನ್ಸಿನ ಬ್ವಾಬೊದ್ರಾನ್ ಎಂಬ ವಿಜ್ಞಾನಿಗೆ ಆ ಲೋಹ ಸಿಕ್ಕಿತು. ಅದೇ ಗ್ಯಾಲಿಯಂ. ಅವರು ಅಳೆದಾಗ ಸಾಂದ್ರತೆ 4.7 ಬಂತು. ಲೋಹ ಶುದ್ಧವಾಗಿಲ್ಲ, ಮತ್ತೆ ಅಳೆಯಿರಿ ಎಂದು ಮೆಂಡಲೀಫ್ ತಿಳಿಸಿದರು. ಶುದ್ಧ ಮಾಡಿ ಅಳೆದರೆ 5.9! ಕಣ್ಣಿನಿಂದ ನೋಡದ ಲೋಹವನ್ನು ಅವರು ಸರಿಯಾಗಿ ಹೇಳಿದ್ದರು. ಈ ಗ್ಯಾಲಿಯಂ ಅಂಗೈ ಬಿಸಿಗೇ ಬೆಣ್ಣೆ ಥರ ಕರಗುತ್ತದೆ. 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಸಿಕ್ಕಿ ಇನ್ನೆರಡು ಖಾಲಿ ಮನೆಗಳೂ ತುಂಬಿದವು.

ಮೆಂಡಲೀಫ್ 1907ರ ಫೆಬ್ರವರಿ 2ರಂದು ನಿಧನರಾದರು. 1955ರಲ್ಲಿ ತಯಾರಾದ 101ನೇ ಧಾತುವಿಗೆ ಮೆಂಡಲೀವಿಯಂ ಎಂದು ಹೆಸರಿಟ್ಟರು. ಈಗ 118 ಮನೆಗಳು ತುಂಬಿವೆ.

ಬಿಟ್ಟ ಸ್ಥಳ ತುಂಬಿರಿ ಅಂದಾಗ ನಾವು ಗೊತ್ತಿಲ್ಲದಿದ್ದರೂ ಏನಾದರೂ ಬರೆದುಬಿಡುತ್ತೇವೆ. ಮೆಂಡಲೀಫ್ ಹಾಗೆ ಮಾಡಲಿಲ್ಲ, ಅದಕ್ಕೇ ದೊಡ್ಡವರಾದರು. ಅವರಷ್ಟೇ ದೊಡ್ಡವರು, ಎಲ್ಲಾ ಕಳೆದುಕೊಂಡರೂ ಮಗನನ್ನು ಓದಿಸಿದ ಆ ತಾಯಿ.