ಗಾನಯೋಗಿ ಶ್ರೀ ಪಂಚಾಕ್ಷರಿ ಗವಾಯಿಗಳವರು

ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರು ೧೯೦೯ನೆಯ ಇಸವಿಯಲ್ಲಿ ಬದಾಮಿಯ ಸಮೀಪದ ಮಲಪ್ರಭಾ ತಟದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ವೃತ್ತಾಂತವನ್ನು ಅರಿಯದ ಸದ್ಭಕ್ತರು ವಿರಳ. ಆ ಪೂಜ್ಯರ ಕೃಪೆಯಿಂದಲೇ ಹುಟ್ಟಿ, ಸ್ವಂತದ ಗೋಡೆಯಾಗಲಿ ಮಾಳಿಗೆಯಾಗಲಿ ಇಲ್ಲದೆ ಎಷ್ಟೋ ವರುಷ ಊರೂರು ತಿರುಗಿದ ಮತ್ತೊಂದು ಪಾಠಶಾಲೆಯುಂಟು. ಅದರ ಗುರುಗಳಿಗೆ ಕಣ್ಣಿರಲಿಲ್ಲ. ಶಿಷ್ಯರಲ್ಲಿ ಹಲವರಿಗೂ ಕಣ್ಣಿರಲಿಲ್ಲ. ಆ ಗುರುಗಳೇ ಶ್ರೀ ಪಂಚಾಕ್ಷರಿ ಗವಾಯಿಗಳವರು.

ಇವರ ಜನನವು ಆಗ ಧಾರವಾಡ ಜಿಲ್ಲೆಗೂ ಈಗ ಹಾವೇರಿ ಜಿಲ್ಲೆಗೂ ಸೇರಿದ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ, ೧೮೯೨ನೆಯ ಇಸವಿ ಫೆಬ್ರುವರಿ ೨ರಂದು ಆಯಿತು. ತಂದೆ ಗುರುಪಾದಯ್ಯನವರು, ತಾಯಿ ನೀಲಮ್ಮನವರು. ಮನೆಯವರು ಇಟ್ಟ ಹೆಸರು ಗದಿಗೆಯ್ಯ. ಗದಿಗೆಯ್ಯನಿಗೂ ಅವನ ಸಹೋದರ ಗುರುಬಸಯ್ಯನಿಗೂ ದೃಷ್ಟಿಯಿರಲಿಲ್ಲ. ಒಂದೇ ಬಡಮನೆಯಲ್ಲಿ ಇಬ್ಬರು ಅಂಧ ಮಕ್ಕಳು! ಆ ಕಾಲದ ಹಳ್ಳಿಯಲ್ಲಿ ಇಂಥ ಮಕ್ಕಳಿಗೆ ಅಕ್ಷರದ ಹಾದಿಯು ಮುಚ್ಚಿಹೋಗಿತ್ತು. ಗುಡಿಯ ಕಟ್ಟೆಯ ಮೇಲೆ ಕುಳಿತು ಯಾರಾದರೂ ನೀಡಿದುದನ್ನು ಉಂಡು ಬದುಕುವದೇ ಹಣೆಬರಹವೆಂದು ಜನರು ತಿಳಿದಿದ್ದರು. ಆದರೆ ಈ ಸಹೋದರರಿಗೆ ಕಂಠವಿತ್ತು, ಕೇಳಿದುದನ್ನು ಬಿಡದೆ ಹಿಡಿಯುವ ಕಿವಿಯಿತ್ತು.

ಕುಮಾರ ಸ್ವಾಮಿಗಳವರು ಈ ಬಾಲಕರ ಹಾಡನ್ನು ಕೇಳಿ ಇಬ್ಬರನ್ನೂ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಕರುಣೆಯಿಂದ ಒಂದು ಹೊತ್ತಿನ ಪ್ರಸಾದವನ್ನು ನೀಡಿ ಕಳಿಸಿದ್ದರೂ ಅದು ಧರ್ಮವೇ ಆಗುತ್ತಿತ್ತು. ಶ್ರೀಗಳವರು ವಿದ್ಯೆಯನ್ನು ಕೊಡಿಸಲು ಸಂಕಲ್ಪಿಸಿದರು. ಗದಿಗೆಯ್ಯನು ಮುಂದೆ ಪಂಚಾಕ್ಷರಿಯೆಂದು ಹೆಸರಾದನು. ಮೊದಲು ಕರ್ನಾಟಕ ಸಂಗೀತದ ಅಭ್ಯಾಸವಾಯಿತು. ತರುವಾಯ ಮಿರಜಿನ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಪದ್ಧತಿಯ ಶಿಕ್ಷಣವು ನಡೆಯಿತು. ಇವರು ಗ್ವಾಲಿಯರ ಪರಂಪರೆಯವರು. ಮಲ್ಲಿಕಾರ್ಜುನ ಮನಸೂರರಿಗೂ ವಿದ್ಯೆ ಕಲಿಸಿದವರು. ಹೀಗೆ ಎರಡೂ ಪದ್ಧತಿಗಳಲ್ಲಿ ಪಂಚಾಕ್ಷರಿಯವರು ಸಮಾನ ಪ್ರಭುತ್ವವನ್ನು ಪಡೆದರು. ಹಾಡುವದರೊಂದಿಗೆ ತಬಲೆ ಮೊದಲಾದ ವಾದ್ಯಗಳೂ ಅವರಿಗೆ ವಶವಾದವು.

ಇಷ್ಟು ವಿದ್ಯೆಯುಳ್ಳವರು ಸಂಸ್ಥಾನಿಕರ ಆಶ್ರಯವನ್ನು ಹುಡುಕಿ ಸುಖವಾಗಿ ಬಾಳಬಹುದಾಗಿತ್ತು. ಕಣ್ಣಿಲ್ಲದವರಿಗೆ ನಾಳಿನ ಅನ್ನದ ಚಿಂತೆಯು ಎಲ್ಲರಿಗಿಂತಲೂ ಹೆಚ್ಚು. ಆದರೂ ಇವರು ಬ್ರಹ್ಮಚರ್ಯದಲ್ಲಿಯೇ ನಿಂತು, ಗುರುವಿನಿಂದ ಬಂದ ವಿದ್ಯೆಯನ್ನು ಅಂಧ-ಅನಾಥ ಮಕ್ಕಳಿಗೆ ಧಾರೆಯೆರೆಯುವ ವ್ರತವನ್ನು ತೊಟ್ಟರು. ಇವರ ಚರಿತ್ರೆಯಲ್ಲಿ ಪವಾಡಗಳನ್ನು ಅರಸುವವರು ಅರಸಲಿ. ನನಗಂತೂ ಈ ನಿಶ್ಚಯವೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಪಾಠಶಾಲೆಯು ಸಂಚಾರಿಯಾಗಿತ್ತು. ಗುರುಗಳು ಶಿಷ್ಯಸಮೇತ ಒಂದೂರಿಗೆ ಬರುವರು. ಮಠದಲ್ಲಿಯೋ ಭಕ್ತರ ಮನೆಯಲ್ಲಿಯೋ ಬಿಡಾರವಾಗುವದು. ಕೀರ್ತನೆ, ವಚನಗಾಯನ, ಶಿವಭಜನೆಗಳಿಂದ ಊರವರ ಕಿವಿ ತಣಿಯುವದು. ಭಕ್ತರು ನೀಡಿದ ಜೋಳ-ಅಕ್ಕಿಗಳಿಂದ ಮಕ್ಕಳ ಹೊಟ್ಟೆ ತುಂಬುವದು. ಕಾಳು ತೀರಿದರೆ ಮುಂದಿನ ಊರು. ಪಾಠವು ಮಾತ್ರ ತಪ್ಪಲಾಗದು. ಕಣ್ಣಿಲ್ಲದ ಹುಡುಗನಿಗೆ ಕಲಿಸುವದೆಂದರೆ ಪುಸ್ತಕವನ್ನು ಮುಂದಿಟ್ಟು ಕಲಿಸುವದಲ್ಲ. ಅವನ ಕೈ ಹಿಡಿದು ತಂಬೂರಿಯ ತಂತಿಯ ಮೇಲೆ ಇಡಬೇಕು. ಬೆರಳನ್ನು ತಬಲೆಯ ಕರಣೆಗೆ ತಾಗಿಸಿ ತೋರಿಸಬೇಕು. ಒಂದೇ ಸ್ವರಾವಳಿಯನ್ನು ಅವನ ಕಂಠದಲ್ಲಿ ನಿಲ್ಲುವವರೆಗೆ ಬೇಸರವಿಲ್ಲದೆ ಹೇಳುತ್ತಿರಬೇಕು. ತಾವೇ ಆ ಕತ್ತಲೆಯಲ್ಲಿ ಕಲಿತು ಬಂದವರಾದ್ದರಿಂದ, ಶಿಷ್ಯನು ಎಲ್ಲಿ ಎಡವುವನೆಂಬುದು ಇವರಿಗೆ ಹೇಳದೆಯೇ ತಿಳಿಯುತ್ತಿತ್ತು.

೧೯೩೦ನೆಯ ಇಸವಿಯಲ್ಲಿ ಕುಮಾರ ಸ್ವಾಮಿಗಳವರು ಲಿಂಗೈಕ್ಯರಾದರು. ಬಾಲ್ಯದಿಂದ ಹಿಡಿದುಕೊಂಡಿದ್ದ ಕೈಯು ತಪ್ಪಿತು. ಹಿಂದೆ ಉಣ್ಣುವ ಮಕ್ಕಳ ಪಂಕ್ತಿ, ಮುಂದೆ ನೆಲೆಯಿಲ್ಲದ ದಾರಿ. ಗವಾಯಿಗಳವರು ಶಾಲೆಯನ್ನು ಬಿಡಲಿಲ್ಲ.

ಶಿಷ್ಯರಲ್ಲಿ ಕಣ್ಣುಳ್ಳವರೂ ಇದ್ದರು, ಬೇರೆ ಬೇರೆ ಜಾತಿಯವರೂ ಇದ್ದರು. ಅರ್ಜುನಸಾ ನಾಕೋಡ, ಸಿದ್ಧರಾಮ ಜಂಬಲದಿನ್ನಿ ಇವರ ಹೆಸರುಗಳನ್ನು ಸಂಗೀತಪ್ರಿಯರು ಬಲ್ಲರು. ಕುಂದಗೋಳ ತಾಲೂಕಿನ ಯಲಿವಾಳದ ಬಾಲಕ ಬಸವರಾಜ ರಾಜಗುರು ಇವರಲ್ಲಿಗೆ ಬಂದು ಸೇರಿದನು. ೧೯೩೬ನೆಯ ಇಸವಿಯಲ್ಲಿ ಹಂಪೆಯೊಳಗೆ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರುಷದ ಉತ್ಸವವು ಜರುಗಿದಾಗ, ಹದಿನಾರರ ಪ್ರಾಯದ ಈ ಶಿಷ್ಯನು ಮಹಾಸಭೆಯಲ್ಲಿ ಹಾಡಲು ಕುಳಿತನು. ತಬಲೆಯ ಸಾಥಿಗೆ ಕುಳಿತವರು ಸ್ವತಃ ಗುರುಗಳೇ! ಆಚಾರ್ಯರಾದವರು ಶಿಷ್ಯನನ್ನು ಮುಂದೆ ಕೂರಿಸಿ ತಾವು ತಾಳ ಹಿಡಿದದ್ದನ್ನು ನಮ್ಮಂಥ ಪಾಠ ಹೇಳುವವರು ಆಗಾಗ ನೆನೆಯಬೇಕು.

ಕಡೆಗೆ ಗದಗಿನಲ್ಲಿ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಈ ಸಂಚಾರಿ ಪಾಠಶಾಲೆಗೆ ನೆಲೆ ದೊರೆಯಿತು. ಅದುವೇ ಶ್ರೀ ವೀರೇಶ್ವರ ಪುಣ್ಯಾಶ್ರಮ. ಸ್ಥಿರವಾದ ನೆರಳು ಒದಗಿದ ಮೇಲೆ ಗುರುಗಳು ಬಹುಕಾಲ ಉಳಿಯಲಿಲ್ಲ. ೧೯೪೪ನೆಯ ಇಸವಿ ಜೂನ್ ೧೧ರಂದು ಲಿಂಗೈಕ್ಯರಾದರು. ಆಗ ಆಶ್ರಮದ ಹೊಣೆಯು ಪುಟ್ಟರಾಜ ಗವಾಯಿಗಳವರ ಮೇಲೆ ಬಂದಿತು. ೧೯೧೪ರಲ್ಲಿ ಹುಟ್ಟಿ, ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡು, ಬಾಲ್ಯದಲ್ಲಿ ಸೋದರಮಾವನ ಕೈ ಹಿಡಿದು ಗುರುಗಳಲ್ಲಿಗೆ ಬಂದಿದ್ದ ಮಗುವು ಈಗ ಅವರ ಸ್ಥಾನದಲ್ಲಿ ಕುಳಿತಿತು. ಅವರು ನಾಟಕಗಳನ್ನು ಬರೆದು, ತಾವೇ ಸ್ತ್ರೀಪಾತ್ರಗಳನ್ನು ಧರಿಸಿ, ಮಕ್ಕಳ ಅನ್ನಕ್ಕೆ ಧನವನ್ನು ಕೂಡಿಸಿದರು. ೨೦೧೦ನೆಯ ಇಸವಿಯವರೆಗೆ ಆ ದಾಸೋಹವನ್ನೂ ಆ ಪಾಠವನ್ನೂ ನಡೆಯಿಸಿ, ಆಶ್ರಮದಲ್ಲಿಯೇ ಗುರುವಿನ ಸನ್ನಿಧಿಯಲ್ಲಿ ಸಮಾಧಿಸ್ಥರಾದರು.