ಅಡವಿಟ್ಟ ಮೂಗುತಿ ತಾನಾಗಿ ಬರೋದಿಲ್ಲ

ಮಾರತ್ತಹಳ್ಳಿಯಲ್ಲಿ ಚಿನ್ನದ ಮೇಲೆ ಸಾಲ ಕೊಡ್ತೀವಿ ಅನ್ನೋ ಬೋರ್ಡು ನೀವೂ ನೋಡಿರ್ತೀರಿ. ಬಳೆ ಬಿಚ್ಚುವ ಮುನ್ನ ಪುರಂದರದಾಸರನ್ನು ಒಮ್ಮೆ ನೆನೆಯಿರಿ. ಸಂಗೀತ ಪಾಠದಲ್ಲಿ ನಿಮ್ಮ ಮಗಳು ಹಾಡುವ ಸರಳೆ, ಜಂಟಿ ವರಸೆಗಳು ಅವರಿಂದಲೇ ಬಂದವು ಅನ್ನುವುದು ಪರಂಪರೆ.

ಅವರ ಕಾಲ 1484ರಿಂದ 1564 ಎನ್ನುತ್ತಾರೆ. ದಾಸರಾಗುವ ಮೊದಲು ಅವರು ಶ್ರೀನಿವಾಸ ನಾಯಕ; ಲೇವಾದೇವಿಯಲ್ಲಿ ನವಕೋಟಿ ನಾರಾಯಣ ಎನಿಸಿಕೊಂಡವರು. ಐತಿಹ್ಯ ನಿಮಗೆ ಗೊತ್ತೇ ಇದೆ. ಮಗನ ಮುಂಜಿಗೆ ಹಣ ಕೇಳಿ ಬಂದ ಬಡ ಬ್ರಾಹ್ಮಣನನ್ನು ನಾಯಕರು ತಿಂಗಳುಗಟ್ಟಲೆ ಅಲೆಸಿದರು. ಹೆಂಡತಿ ಸರಸ್ವತಿಬಾಯಿ ತಮ್ಮ ಮೂಗುತಿಯನ್ನೇ ಬಿಚ್ಚಿಕೊಟ್ಟರು. ಅದು ಅಡವಿಗೆ ಬಂದದ್ದು ಗಂಡನ ಅಂಗಡಿಗೇ! ಪೆಟ್ಟಿಗೆಗೆ ಬೀಗ ಹಾಕಿ ಮನೆಗೆ ಬಂದರೆ, ಮೂಗುತಿ ಹೆಂಡತಿಯ ಕೈಯಲ್ಲಿತ್ತು. ನಾಯಕರು ಆಸ್ತಿಯೆಲ್ಲ ದಾನ ಮಾಡಿ, ವ್ಯಾಸರಾಯರಿಂದ ದೀಕ್ಷೆ ಪಡೆದರು. ಹಂಪಿಯ ತುಂಗಭದ್ರೆಯ ದಡದಲ್ಲಿ ಇಂದಿಗೂ ಅವರ ಹೆಸರಿನ ಮಂಟಪವಿದೆ.

ನಮ್ಮ ಮೂಗುತಿ ಮಾತ್ರ ಪೆಟ್ಟಿಗೆಯಿಂದ ತಾನಾಗಿ ವಾಪಸ್ ಬರೋದಿಲ್ಲ, ಅಲ್ವಾ? ಬರೀ ಬಡ್ಡಿ ಕಟ್ಟುತ್ತಾ ಹೋದರೆ ಅಸಲು ಹಾಗೇ ಉಳಿಯುತ್ತದೆ. ಅದನ್ನೂ ಕಟ್ಟದಿದ್ದರೆ ಮೊದಲು ನೋಟಿಸು, ಆಮೇಲೆ ಹರಾಜು.

ಹಾಗಾಗಿ ಇವತ್ತೇ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಸಾಲದ ಅಸಲು, ಬಡ್ಡಿದರ, ಗಡುವು ಬರೆಯಿರಿ. ಅಸಲಿಗೆ ಸ್ವಲ್ಪ ಸ್ವಲ್ಪವೇ ಕಟ್ಟಬಹುದಾ ಅಂತ ವಿಚಾರಿಸಿ. ಎಲ್ಲದರ ಕಂತನ್ನೂ ತಪ್ಪದೆ ಕಟ್ಟಿ. ಮಿಕ್ಕಿದ ಹಣವನ್ನು ಬಡ್ಡಿ ಹೆಚ್ಚಿರುವ ಸಾಲಕ್ಕೆ ಹಾಕಿ. ಮನೆಯವರಿಂದ ಏನನ್ನೂ ಮುಚ್ಚಿಡಬೇಡಿ. ಒಂದು ಸಾಲ ತೀರಿದ ತಕ್ಷಣ ಅದರ ಕಂತಿನ ಹಣ ಮುಂದಿನ ಸಾಲಕ್ಕೆ ಹೋಗಲಿ, ಸೀರೆ ಅಂಗಡಿಗಲ್ಲ!