ಕಿಟೆಲ್: ನಿಘಂಟಿಗೂ ಮೊದಲು ಹಾಡು

ಕಿಟೆಲ್ ಅಂದ ಕೂಡಲೇ ನಮಗೆಲ್ಲ ನಿಘಂಟು ನೆನಪಾಗುತ್ತದೆ. ಅದಕ್ಕೂ 32 ವರ್ಷ ಮೊದಲು ಅವರು ಕನ್ನಡದಲ್ಲಿ ಹಾಡುವಂಥ ಕಾವ್ಯ ಬರೆದಿದ್ದರು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯ ರೆಸ್ಟರ್‌ಹಾಫೆಯಲ್ಲಿ. ತಂದೆ ಪಾದ್ರಿ. ಆ ದೇಶದ ಮೊರಾವಿಯನ್ ಕ್ರೈಸ್ತರು 18ನೇ ಶತಮಾನದಿಂದಲೂ ಟ್ರೊಂಬೋನ್ ಮೇಳ ಕಟ್ಟಿದ್ದರು. ಟ್ರೊಂಬೋನ್ ಅಂದ್ರೆ ಹಿತ್ತಾಳೆಯ ಉದ್ದ ವಾದ್ಯ. ಅದರ ಕೊಳವೆಯನ್ನು ಹಿಂದೆ ಮುಂದೆ ಜಾರಿಸಿದರೆ ಒಳಗಿನ ಗಾಳಿಯ ಉದ್ದ ಬದಲಾಗಿ ಸ್ವರ ಬದಲಾಗುತ್ತದೆ. ಹೆಚ್ಚುಕಡಿಮೆ ಗಾತ್ರದ ಟ್ರೊಂಬೋನ್‌ಗಳು ಕೂಡಿ ನಾಲ್ಕು ದನಿಯಲ್ಲಿ ಭಕ್ತಿಗೀತೆ ನುಡಿಸುತ್ತಿದ್ದವು. ಊರಲ್ಲಿ ಯಾರಾದರೂ ತೀರಿಕೊಂಡರೆ ಸುದ್ದಿ ತಿಳಿಸುತ್ತಿದ್ದದ್ದೂ ಈ ಮೇಳವೇ. ನಮ್ಮ ಕಡೆ ಹಲಗಿಯ ಪೆಟ್ಟು ಕೇಳಿಯೇ ಹಬ್ಬವೋ ಸಾವೋ ಗೊತ್ತಾಗುತ್ತಲ್ಲ, ಹಾಗೆ. ಕಿಟೆಲ್ ಬಾಲಕನಾಗಿದ್ದಾಗ ಇಂಥ ಮೇಳಗಳು ಜರ್ಮನಿಯ ಇತರ ಪ್ರೊಟೆಸ್ಟೆಂಟ್ ಊರುಗಳಿಗೂ ಹಬ್ಬುತ್ತಿದ್ದವು.

1853ರಲ್ಲಿ ಬಾಸೆಲ್ ಮಿಷನ್ ಅವರನ್ನು ಭಾರತಕ್ಕೆ ಕಳಿಸಿತು. ನಮ್ಮ ಗುಳೇದಗುಡ್ಡದಲ್ಲೂ ಈ ಮಿಷನ್ ಇತ್ತು. ಬಂದದ್ದು ಧರ್ಮಪ್ರಚಾರಕ್ಕೆ, ಅದೇನೂ ಮುಚ್ಚಿಡುವ ಮಾತಲ್ಲ. ಆದರೆ ಜನರ ಬಾಯಲ್ಲಿ ಹಾಡು ನಿಲ್ಲಬೇಕಾದರೆ ಜರ್ಮನ್ ರಾಗಕ್ಕೆ ಕನ್ನಡ ತುರುಕಿದರೆ ಸಾಲದು. ರಾಗಕ್ಕಾಗಿ ಎಳೆದರೆ ನಡು ಹೋಗಿ ನಾಡು ಆಗುತ್ತದೆ, ಅರ್ಥವೇ ಕೆಡುತ್ತದೆ. ಕಿಟೆಲ್ ಯೇಸುವಿನ ಜೀವನವನ್ನು ಇಲ್ಲಿಯ ಧಾಟಿಯಲ್ಲೇ ಹಾಡಾಗಿಸಿ 1862ರಲ್ಲಿ ಕಥಾಮಾಲೆ ಹೊರತಂದರು. ತಮ್ಮ ಮಾತಿಗಾಗಿ ನಮ್ಮ ಲಯವನ್ನು ಬಗ್ಗಿಸಲಿಲ್ಲ, ನಮ್ಮ ಲಯಕ್ಕೆ ತಾವೇ ಬಗ್ಗಿದರು.

ಮುಂದಿನ ಕೆಲಸವೂ ಇದೇ ದಾರಿಯದು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥ ಸಂಪಾದಿಸಿದರು. 1894ರಲ್ಲಿ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಬಂತು. ಹಳಗನ್ನಡದ ಜೊತೆಗೆ ಗಾದೆ, ಆಡುಮಾತು ಎಲ್ಲಕ್ಕೂ ಅಲ್ಲಿ ಜಾಗ ಸಿಕ್ಕಿತು. ಹುನಗುಂದ ಸೀಮೆ ಆಗ ಬ್ರಿಟಿಷರ ಲೆಕ್ಕದಲ್ಲಿ ದಕ್ಷಿಣ ಮರಾಠಾ ಪ್ರದೇಶ. ಈ ಪ್ರದೇಶದ ಪದಗಳಿಗೆ ನಿಘಂಟಿನಲ್ಲಿ ಬೇರೆ ಗುರುತೇ ಇದೆ. ನಮ್ಮ ಮಾತನ್ನು ಹಳ್ಳಿಭಾಷೆ ಅಂತ ನಾವೇ ಕ್ಲಾಸಿನಲ್ಲಿ ನುಂಗಿಕೊಳ್ಳುತ್ತೇವೆ. ಅವರು ಅದನ್ನು ಬರೆದಿಟ್ಟುಕೊಂಡರು.

ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು.

ಗೆಳೆಯರೇ, ಮುಂದಿನ ಸಲ ಲೈಬ್ರರಿಯಲ್ಲಿ ಆ ದಪ್ಪ ನಿಘಂಟು ಕಂಡರೆ ತೆಗೆದು ನೋಡ್ರಿ. ನಿಮ್ಮ ಅಜ್ಜಿ ಆಡುವ ಒಂದು ಪದ ಹುಡುಕಿರಿ.